ರೇಸಿನಿಂದ ಬಂದ ನಾಯಿ ಬಟ್ಟಲು ಮುಟ್ಟುತ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ನಾವು ಮೆಲ್ಬರ್ನ್‌ನಲ್ಲಿದ್ದೇವೆ. ರೇಸಿನಿಂದ ನಿವೃತ್ತಿಯಾದ ನಾಲ್ಕು ವರ್ಷದ ಗಂಡು ಗ್ರೇಹೌಂಡ್ ಒಂದನ್ನು ಮೂರು ವಾರದ ಹಿಂದೆ ದತ್ತು ತಂದೆವು. ಮೊದಲೆರಡು ದಿನ ಸುಮಾರಾಗಿ ತಿಂದಿತು. ಈಗ ಬಟ್ಟಲ ಹತ್ತಿರ ಬಂದು, ಮೂಸಿ, ವಾಪಸ್ ಹೋಗಿ ಮಲಗುತ್ತದೆ. ಪೊಟ್ಟಣದ ಮೇಲೆ ಬರೆದಂತೆ ದಿನಕ್ಕೆ 450 ಗ್ರಾಂ ಒಣ ಆಹಾರ ಹಾಕಿದರೆ ಅರ್ಧ ಉಳಿಯುತ್ತದೆ. ಮೂರು ಬ್ರಾಂಡ್ ಬದಲಿಸಿದ್ದಾಯಿತು. ಊರಿಂದ ಬಂದಿರುವ ಅತ್ತೆ ಒಂದು ಬಟ್ಟಲು ಬಿಸಿ ಅನ್ನಕ್ಕೆ ಎರಡು ದೊಡ್ಡ ಚಮಚ ತುಪ್ಪ, ಒಂದಿಷ್ಟು ಸಾರು ಹಾಕಿ ಕಲಸಿಕೊಟ್ಟರೆ ತಿನ್ನುತ್ತದೆ. ಬೇಯಿಸಿದ ಕೋಳಿ ನೂರು ಗ್ರಾಂನಷ್ಟು ನಾವೇ ಕೈಯಿಂದ ತಿನ್ನಿಸುತ್ತೇವೆ. ತಂದಾಗ 31 ಕಿಲೋ ಇತ್ತು, ಈಗಲೂ ಅಷ್ಟೇ ಇದೆ, ಪಕ್ಕೆಲುಬು ಕಾಣುತ್ತದೆ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆ ಎಂದು ಬಂದಿದೆ. ಮಾತ್ರೆ ಶುರು ಮಾಡಬೇಕೆ? ಯಾವ ಆಹಾರ ಕೊಟ್ಟರೆ ತಿಂದೀತು?

ಉತ್ತರ: ಯಾವ ಆಹಾರ ಎನ್ನುವುದಕ್ಕಿಂತ ಮೊದಲು, ನಿಮ್ಮ ನಾಯಿ ನಿಜವಾಗಿಯೂ ಊಟ ಬಿಟ್ಟಿದೆಯೇ ಎಂದು ಲೆಕ್ಕ ಹಾಕಿ ನೋಡೋಣ. 31 ಕಿಲೋ ತೂಗುವ ನಾಯಿ ಸುಮ್ಮನೆ ಮಲಗಿದ್ದರೂ ಅದರ ದೇಹಕ್ಕೆ ದಿನಕ್ಕೆ ಸುಮಾರು 920 ಕ್ಯಾಲೊರಿ ಬೇಕು. ಮನೆಯಲ್ಲಿ ಸಾಕಿದ, ಸಂತಾನಹರಣವಾದ ನಾಯಿಗೆ ಇದರ 1.4ರಿಂದ 1.6 ಪಟ್ಟು, ಅಂದರೆ 1,290ರಿಂದ 1,470 ಕ್ಯಾಲೊರಿ ಸಾಕು. ಈಗ ಅದು ತಿನ್ನುತ್ತಿರುವುದನ್ನು ಕೂಡಿಸಿ. ಒಣ ಆಹಾರದಲ್ಲಿ ಅರ್ಧ, ಅಂದರೆ 225 ಗ್ರಾಂ ಎಂದರೆ ಸುಮಾರು 800 ಕ್ಯಾಲೊರಿ. ತುಪ್ಪದ್ದು 240, ಅನ್ನದ್ದು 200, ಕೋಳಿಯದ್ದು 165. ಒಟ್ಟು 1,400ರ ಆಸುಪಾಸು. ತೂಕ ಇಳಿದಿಲ್ಲವೆಂದು ನೀವೇ ಬರೆದಿದ್ದೀರಿ, ಲೆಕ್ಕವೂ ಅದನ್ನೇ ಹೇಳುತ್ತಿದೆ. ಬಟ್ಟಲಲ್ಲಿ ಉಳಿದದ್ದು ನಿಮ್ಮ ಕಣ್ಣಿಗೆ ಬೀಳುತ್ತಿದೆ, ಕೈಯಿಂದ ಹೋದದ್ದು ಲೆಕ್ಕಕ್ಕೆ ಸಿಗುತ್ತಿಲ್ಲ. ಆದ್ದರಿಂದ ಇಲ್ಲಿ ಹಸಿವಿಲ್ಲ ಎನ್ನುವುದಕ್ಕಿಂತ, ಬಟ್ಟಲಿನಿಂದ ತಿನ್ನಲು ಏನೋ ಅಡ್ಡಿಯಾಗಿದೆ, ಬಟ್ಟಲು ಬಿಟ್ಟರೆ ಇನ್ನೂ ಒಳ್ಳೆಯದು ಸಿಗುತ್ತದೆ ಎಂದೂ ಗೊತ್ತಾಗಿದೆ ಎನ್ನುವುದೇ ಸರಿ. ಮೊದಲನೆಯದನ್ನು ಹುಡುಕಿ ಸರಿಪಡಿಸಬೇಕು, ಎರಡನೆಯದನ್ನು ನಿಲ್ಲಿಸಬೇಕು. ಬ್ರಾಂಡ್ ಬದಲಿಸುವುದರಿಂದ ಎರಡೂ ಆಗುವುದಿಲ್ಲ.

ಥೈರಾಯ್ಡ್ ವಿಷಯ ಬೇಗ ಮುಗಿಸುತ್ತೇನೆ. ಆರೋಗ್ಯವಂತ ಗ್ರೇಹೌಂಡ್‌ಗಳಲ್ಲಿ ಟಿ-4 ಎಂಬ ಥೈರಾಯ್ಡ್ ಹಾರ್ಮೋನಿನ ಪ್ರಮಾಣ ಬೇರೆ ತಳಿಗಳಿಗಿಂತ ಸಹಜವಾಗಿಯೇ ಕಡಿಮೆ. ಪ್ರಯೋಗಾಲಯದ ಸಾಮಾನ್ಯ ಮಿತಿಗೆ ಹೋಲಿಸಿದರೆ ಚೆನ್ನಾಗಿರುವ ನಾಯಿಯೂ ರೋಗಿಯಂತೆ ಕಾಣುತ್ತದೆ. ಹಾಗೆಯೇ ಇವುಗಳ ಕೆಂಪು ರಕ್ತಕಣಗಳ ಪ್ರಮಾಣ ಹೆಚ್ಚು, ಪ್ಲೇಟ್‌ಲೆಟ್ ಕಡಿಮೆ, ಕ್ರಿಯಾಟಿನಿನ್ ತುಸು ಮೇಲೆ. ಇನ್ನೊಂದು ಮಾತು, ಥೈರಾಯ್ಡ್ ನಿಜವಾಗಿ ಕುಗ್ಗಿದ ನಾಯಿ ದಪ್ಪಗಾಗುತ್ತದೆ, ಅದರ ಕೂದಲು ಉದುರುತ್ತದೆ, ಅದು ಮಂಕಾಗುತ್ತದೆ. ಊಟ ಬಿಟ್ಟು ತೆಳ್ಳಗಿರುವುದು ಅದರ ಲಕ್ಷಣವಲ್ಲ. ಟಿಎಸ್‌ಎಚ್ (ಥೈರಾಯ್ಡ್ ಪ್ರಚೋದಕ ಹಾರ್ಮೋನ್) ಸಹ ನೋಡದೆ, ಈ ಒಂದು ಅಂಕಿಯನ್ನೇ ನಂಬಿ ಮಾತ್ರೆ ಶುರು ಮಾಡಬೇಡಿ.

ನನಗೆ ಹೆಚ್ಚು ಅನುಮಾನವಿರುವುದು ಬಾಯಿಯ ಮೇಲೆ. ನಿಮ್ಮ ಪತ್ರವನ್ನೇ ಮತ್ತೊಮ್ಮೆ ಓದಿ. ನಾಯಿ ಬಿಡುತ್ತಿರುವುದು ಒಣ ಆಹಾರದ ಗಟ್ಟಿ ಕಾಳನ್ನು, ತಿನ್ನುತ್ತಿರುವುದು ಮೆತ್ತಗಿನ ಅನ್ನ ಮತ್ತು ಕೋಳಿಯನ್ನು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ತಂಡ 2016ರಲ್ಲಿ ಬ್ರಿಟನ್ನಿನ ಪಶುಚಿಕಿತ್ಸಾಲಯಗಳ ಆರೈಕೆಯಲ್ಲಿದ್ದ 5,419 ಗ್ರೇಹೌಂಡ್‌ಗಳ ದಾಖಲೆ ತೆಗೆದು ನೋಡಿದಾಗ, 39% ನಾಯಿಗಳಿಗೆ ಹಲ್ಲು, ವಸಡಿನ ರೋಗವಿತ್ತು. ಆ ಪಟ್ಟಿಯಲ್ಲಿ ಎರಡನೆಯದಾದ ಉದ್ದ ಬೆಳೆದ ಉಗುರಿನ ತೊಂದರೆ 11% ಮಾತ್ರ. ರೇಸ್ ಕೆನಲ್‌ಗಳಲ್ಲಿ ಕೊಚ್ಚಿದ ಮಾಂಸ, ನೆನೆಸಿದ ಕಾಳು, ಗಂಜಿಯಂಥದ್ದು ಉಂಡು ಬೆಳೆದ ನಾಯಿಗಳು ಇವು, ಹಲ್ಲುಜ್ಜುವವರೂ ಅಲ್ಲಿ ಕಡಿಮೆ. ತುಟಿ ಮೇಲೆತ್ತಿ ಹಿಂದಿನ ದವಡೆ ಹಲ್ಲುಗಳನ್ನು ನೋಡಿ: ಕಂದು ಪಾಚಿ ಗಟ್ಟಿಯಾಗಿ ಕೂತಿದೆಯೇ, ವಸಡಿನ ಅಂಚು ಕೆಂಪಗಿದೆಯೇ, ಬಾಯಿ ನಾರುತ್ತದೆಯೇ? ಕಾಳನ್ನು ಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ನೆನೆಸಿ ಕೊಟ್ಟಾಗ ಮಾತ್ರ ತಿಂದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಅದೊಂದೇ ಸಾಕ್ಷಿ ಸಾಲದು. ನೆನೆಸಿದ್ದನ್ನೇ ತಿಂದು ಅಭ್ಯಾಸವಿದ್ದರೂ ಹಾಗಾಗುತ್ತದೆ, ಆದ್ದರಿಂದ ಪಶುವೈದ್ಯರು ಬಾಯಿ ನೋಡಲೇಬೇಕು. ಜೊತೆಗೆ ಜಂತುಹುಳಕ್ಕೆ ಮಲಪರೀಕ್ಷೆಯೂ ಆಗಲಿ. ಅರಿವಳಿಕೆ ಕೊಟ್ಟು ಹಲ್ಲು ಶುಚಿ ಮಾಡಿಸುವುದಾದರೆ ಗ್ರೇಹೌಂಡ್‌ಗಳ ಅನುಭವವಿರುವವರ ಹತ್ತಿರವೇ ಹೋಗಿ. ಈ ತಳಿಯ ಕೆಲವು ನಾಯಿಗಳಿಗೆ ಶಸ್ತ್ರಚಿಕಿತ್ಸೆಯಾಗಿ ಒಂದೆರಡು ದಿನದ ಮೇಲೆ ರಕ್ತ ಒಸರಲು ಶುರುವಾಗುವುದುಂಟು, ಅದಕ್ಕೆ ಮುಂಚೆಯೇ ಔಷಧ ಕೊಡಬಹುದು.

ಬಾಯಿ ಚೆನ್ನಾಗಿದೆ ಎಂದಾದರೆ ಉಳಿಯುವುದು ಭಯ. ರೇಸ್ ಗ್ರೇಹೌಂಡ್‌ನ ಊಟ ಗಡಿಯಾರಕ್ಕೂ ತಕ್ಕಡಿಗೂ ಕಟ್ಟುಬಿದ್ದದ್ದು. ಆಸ್ಟ್ರೇಲಿಯಾದಲ್ಲಿ ಹಿಂದಿನ ಓಟದ ತೂಕಕ್ಕಿಂತ ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸವಾದರೆ ನಾಯಿಯನ್ನು ಓಡಲು ಬಿಡುವುದಿಲ್ಲ. ಹಾಗಾಗಿ ಅದೇ ಹೊತ್ತು, ಅದೇ ಮೂಲೆ, ಅದೇ ಅಳತೆ, ಅಕ್ಕಪಕ್ಕದ ಗೂಡುಗಳಲ್ಲಿ ಉಣ್ಣುವ ನಾಯಿಗಳ ಸದ್ದು. ನಿಮ್ಮ ಅಡುಗೆಮನೆ ಇದಕ್ಕೆ ಪೂರ್ತಿ ವಿರುದ್ಧ. ನೆಲ ನುಣುಪು. ಉದ್ದ ಕಾಲಿನ ನಾಯಿ ಬಟ್ಟಲಿಗೆ ಬಗ್ಗಿದರೆ ಮುಂಗಾಲು ಜಾರುತ್ತದೆ. ಕೊರಳಪಟ್ಟಿಯ ಬಿಲ್ಲೆ ಸ್ಟೀಲ್ ಬಟ್ಟಲಿಗೆ ತಗುಲಿ ಟಣ್ ಎನ್ನುತ್ತದೆ. ಅದೇ ಹೊತ್ತಿಗೆ ಕುಕ್ಕರ್ ವಿಷಲ್ ಹೊಡೆಯುತ್ತದೆ, ಮಿಕ್ಸಿ ತಿರುಗುತ್ತದೆ, ಮನೆಮಂದಿಯೆಲ್ಲ ಸುತ್ತ ನಿಂತು ತಿನ್ನುತ್ತದೆಯೋ ಇಲ್ಲವೋ ಎಂದು ನೋಡುತ್ತಿರುತ್ತಾರೆ. ಮೊದಲ ವಾರ ಹಾಸ್ಟೆಲಿನ ಊಟ ಸೇರದ ಹುಡುಗನ ಸ್ಥಿತಿ ಇದಕ್ಕಿಂತ ವಾಸಿ, ಅವನಿಗೆ ಕೊನೇಪಕ್ಷ ಎಲ್ಲಿಗೆ ಬಂದಿದ್ದೇನೆಂದು ಗೊತ್ತಿರುತ್ತದೆ. ಬಟ್ಟಲನ್ನು ಅಡುಗೆಮನೆಯಿಂದ ತೆಗೆದು, ಅದು ಮಲಗುವ ಕೋಣೆಯ ಒಂದು ಮೂಲೆಯಲ್ಲಿ ಜಾರದ ಚಾಪೆಯ ಮೇಲಿಡಿ. ಊಟದ ಹೊತ್ತಿಗೆ ಕೊರಳಪಟ್ಟಿ ಬಿಚ್ಚಿ, ಅಗಲವಾದ ಪಿಂಗಾಣಿ ತಟ್ಟೆ ಬಳಸಿ, ಇಟ್ಟು ಆಚೆ ನಡೆಯಿರಿ.

ಆಮೇಲೆ ಕಟ್ಟುನಿಟ್ಟು. ಮೂರರಲ್ಲಿ ಒಂದು ಬ್ರಾಂಡ್ ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಎಂದಾದರೂ ಬದಲಿಸುವುದಾದರೆ ಏಳೆಂಟು ದಿನದಲ್ಲಿ ಸ್ವಲ್ಪಸ್ವಲ್ಪ ಬೆರೆಸುತ್ತ ಬದಲಿಸಿ. ಪ್ಯಾಕೆಟ್ಟಿನ ಮೇಲಿನ ಅಳತೆ ಚೆನ್ನಾಗಿ ಓಡಾಡುವ ನಾಯಿಗೂ ಸೇರಿ ಬರೆದದ್ದು. ದಿನದ ಬಹುಪಾಲು ಸೋಫಾದ ಮೇಲೆ ನಿದ್ದೆಯಲ್ಲಿ ಕಳೆಯುವ ನಿಮ್ಮ ಗ್ರೇಹೌಂಡ್‌ಗೆ 350 ಗ್ರಾಂ ಸಾಕು. ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಕೊಡಿ. ಬೆಚ್ಚನೆಯ ನೀರು ಹಾಕಿದರೆ ವಾಸನೆ ಏಳುತ್ತದೆ. ನಾಯಿಗೆ ನಾಲಗೆಯ ರುಚಿಗಿಂತ ಮೂಗಿನ ರುಚಿ ಮುಖ್ಯ. ಕೋಳಿ ಕೊಡುವುದಿದ್ದರೆ ದಿನಕ್ಕೆ 40 ಗ್ರಾಂನಷ್ಟನ್ನು ನುಣ್ಣಗೆ ಬಿಡಿಸಿ ಕಾಳಿನೊಳಗೇ ಬೆರೆಸಿಬಿಡಿ, ಕೈಯಿಂದ ಬೇಡ. ಇಪ್ಪತ್ತು ನಿಮಿಷವಾದ ಮೇಲೆ ಬಟ್ಟಲು ಎತ್ತಿ, ಮುಂದಿನ ಊಟದವರೆಗೆ ನೀರು ಬಿಟ್ಟು ಮತ್ತೇನೂ ಕೊಡಬೇಡಿ. ಒಂದು ದಿನ ಗಟ್ಟಿಯಾಗಿದ್ದು ಮರುದಿನ ಮರುಗಿ ತುಪ್ಪದನ್ನ ಕೊಟ್ಟರೆ ಆಗುವ ನಷ್ಟ ದೊಡ್ಡದು. ಆಗೊಮ್ಮೆ ಈಗೊಮ್ಮೆ ಮಾತ್ರ ಸಿಗುವ ಪ್ರತಿಫಲ ರೂಢಿಸುವ ಅಭ್ಯಾಸ, ದಿನವೂ ಸಿಗುವುದಕ್ಕಿಂತ ಬಿಡಿಸಲು ಕಷ್ಟ ಎನ್ನುವುದು ಪ್ರಾಣಿವರ್ತನೆಯ ಪ್ರಯೋಗಗಳಲ್ಲಿ ಮತ್ತೆಮತ್ತೆ ಕಂಡದ್ದು.

ಕಷ್ಟಪಟ್ಟು ಬಂದ ಜೀವವನ್ನು ಉಪವಾಸ ಕೆಡವುವುದು ಕ್ರೌರ್ಯವಲ್ಲವೇ ಎಂದು ನಿಮ್ಮ ಅತ್ತೆಯವರು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ನೋವಿರುವ ನಾಯಿಗೆ, ಹೆದರಿ ಮುದುಡಿದ ನಾಯಿಗೆ ಈ ಶಿಸ್ತು ಹೇರಿದರೆ ಖಂಡಿತ ಕ್ರೌರ್ಯ, ಅದಕ್ಕೇ ಬಾಯಿ ಮತ್ತು ಜಾಗವನ್ನು ಮೊದಲು ನೋಡಿಕೊಳ್ಳಿ ಎಂದದ್ದು. ಆ ಎರಡೂ ಸರಿಹೋದ ಮೇಲೆ ಆರೋಗ್ಯವಂತ ದೊಡ್ಡ ನಾಯಿ ಒಂದೆರಡು ಹೊತ್ತು ಊಟ ಬಿಟ್ಟರೆ ಅದಕ್ಕೇನೂ ಆಗುವುದಿಲ್ಲ. ಬೆಕ್ಕಿನ ಮಾತು ಬೇರೆ, ಎರಡು ಮೂರು ದಿನ ಉಪವಾಸವಿದ್ದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರಬಹುದು. ಪಕ್ಕೆಲುಬಿನ ವಿಚಾರದಲ್ಲಿ, ಊರಿನಲ್ಲಿ ಮುಧೋಳ ನಾಯಿಯನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಓಟದ ನಾಯಿಗಳ ಮೈಕಟ್ಟೇ ಅದು. ಕೊನೆಯ ಒಂದೆರಡು ಪಕ್ಕೆಲುಬು ತೆಳುವಾಗಿ ಕಂಡರೆ ಸರಿ. ಪೃಷ್ಠದ ಎಲುಬು ಚೂಪಾಗಿ ಎದ್ದು, ಬೆನ್ನೆಲುಬಿನ ಗಂಟುಗಳು ಒಂದೊಂದಾಗಿ ಕಂಡರೆ ತೆಳ್ಳಗಾಗಿದೆ ಎಂದರ್ಥ. ನಿವೃತ್ತಿಯ ನಂತರ ಓಟದ ತೂಕಕ್ಕಿಂತ ಎರಡು ಮೂರು ಕಿಲೋ ಏರುವುದು ಸಹಜ, ಅದು ತಿಂಗಳುಗಳಲ್ಲಿ ಆಗಬೇಕಾದ್ದು, ತುಪ್ಪದಿಂದ ವಾರದಲ್ಲಿ ಅಲ್ಲ.

ತುಪ್ಪಕ್ಕಿಂತ ನನಗೆ ಭಯ ಸಾರಿನದು. ಜಿಡ್ಡು ಹೆಚ್ಚಾದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ಅದು ಗೊತ್ತಿರುವ ಮಾತು. ಸಾರಿನಲ್ಲಿ ಮೂರು ತೊಂದರೆಗಳಿವೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ, ದಿನವೂ ಸ್ವಲ್ಪಸ್ವಲ್ಪ ಸೇರಿದರೂ ಹಾನಿಯೇ. ಮೂರನೆಯದು ಹುಣಸೆಹಣ್ಣು. ದ್ರಾಕ್ಷಿ, ಒಣದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡುವುದು ಬಹುಕಾಲದಿಂದ ಗೊತ್ತಿತ್ತು, ಕಾರಣ ತಿಳಿದಿರಲಿಲ್ಲ. ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ರೀತಿ ಮೂತ್ರಪಿಂಡ ಕೆಟ್ಟದ್ದು 2022ರಲ್ಲಿ ವರದಿಯಾಯಿತು. ಎರಡರಲ್ಲೂ ಇರುವ ಟಾರ್ಟಾರಿಕ್ ಆಮ್ಲದ ಮೇಲೆಯೇ ಈಗ ಸಂಶಯ. ಸಾರು, ಹುಳಿ, ಪುಳಿಯೋಗರೆ, ಗೊಜ್ಜು, ಒಣದ್ರಾಕ್ಷಿ ಹಾಕಿದ ಪಾಯಸ, ಕೇಸರಿಬಾತು ಯಾವುದೂ ಬೇಡ. ಅತ್ತೆಯವರಿಗೆ ಏನಾದರೂ ಕೊಡಲೇಬೇಕೆನ್ನಿಸಿದರೆ ಒಗ್ಗರಣೆಯಿಲ್ಲದ, ಉಪ್ಪು ಹಾಕದ ಗಟ್ಟಿ ಮೊಸರು ಎರಡು ಚಮಚ, ಅದೂ ಬಟ್ಟಲಿನಲ್ಲೇ.

ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಎರಡು ವಾರದಲ್ಲಿ ಒಂದೂವರೆ ಕಿಲೋಗಿಂತ ಹೆಚ್ಚು ಇಳಿದರೆ, ಎರಡು ದಿನ ಪೂರ್ತಿ ಏನೂ ಮುಟ್ಟದಿದ್ದರೆ, ಅಥವಾ ಊಟ ಬಿಡುವುದರ ಜೊತೆಗೆ ವಾಂತಿ, ಭೇದಿ, ಮಂಕು ಕಂಡರೆ ವೈದ್ಯರನ್ನು ಕಾಣಿ. ಹೊಟ್ಟೆ ಉಬ್ಬಿ, ವಾಂತಿಗೆ ಯತ್ನಿಸಿದರೂ ಏನೂ ಬಾರದೆ, ನಿಂತಲ್ಲಿ ನಿಲ್ಲದೆ ಚಡಪಡಿಸಿದರೆ ಜಠರ ತಿರುಚಿಕೊಂಡಿರಬಹುದು. ಆಳವಾದ ಎದೆಗೂಡಿನ ನಾಯಿಗಳಿಗೆ ಇದರ ಅಪಾಯ ಹೆಚ್ಚು. ಆಗ ಬೆಳಗಾಗಲಿ ಎನ್ನದೆ, ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸೆಯಿರುವ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.