ದೀಪದ ಬಳಿಗೆ ಬರುವ ರಾಣಿಯಿರುವೆ

ಮೊದಲ ಮಳೆ ಬಿದ್ದ ಮೇಲೆ, ಗಾಳಿಯಾಡದ ಸೆಕೆಯ ರಾತ್ರಿಯಲ್ಲಿ, ಜಗಲಿಯ ದೀಪವನ್ನು ರೆಕ್ಕೆಯ ಹುಳುಗಳು ಮುತ್ತಿಕೊಳ್ಳುವದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಅವುಗಳಲ್ಲಿ ರಾಣಿಯಿರುವೆ ಯಾವದೆಂಬದನ್ನು ಈಗ ವಿಚಾರಿಸುವೆವು. ಇದು ಬರೇ ಕುತೂಹಲದ ಮಾತಲ್ಲ. ಯಾಕಂದರೆ ಅದೇ ಬೆಳಕಿಗೆ ಗೆದ್ದಲಿನ ಈಸಲು ಹುಳುಗಳೂ ಬರುತ್ತವೆ. ತೊಲೆಯನ್ನೂ ಪುಸ್ತಕವನ್ನೂ ತಿನ್ನುವ ಸಂತತಿಯು ಅಂಥವುಗಳಿಂದಲೇ ಹುಟ್ಟುವದು.

ಮೊದಲು ಸೊಂಟವನ್ನು ನೋಡತಕ್ಕದ್ದು. ಇರುವೆಯ ಎದೆಗೂ ಹೊಟ್ಟೆಗೂ ನಡುವೆ ಬಹು ಸಣ್ಣ ಸೊಂಟವುಂಟು. ಗೆದ್ದಲಿಗೆ ಅದಿಲ್ಲ, ಮೈಯೆಲ್ಲ ಹೆಚ್ಚುಕಡಿಮೆ ಒಂದೇ ದಪ್ಪ. ರಾಣಿಯಿರುವೆಯ ಮೀಸೆಯು ಮೊಣಕೈಯಂತೆ ಬಾಗಿರುವದು. ಗೆದ್ದಲಿನದು ಪೋಣಿಸಿದ ಮಣಿಸರದಂತಿರುವದು. ಗೆದ್ದಲಿನ 4 ರೆಕ್ಕೆಗಳೂ ಒಂದೇ ಅಳತೆಯವು. ಇರುವೆಗಾದರೋ ಮುಂದಿನ ಜೋಡಿಯೇ ಉದ್ದ.

ಇರುವೆಯೆಂದು ತಿಳಿದ ಮೇಲೆ ಗಂಡೋ ಹೆಣ್ಣೋ ಎಂದು ನೋಡಬೇಕು. ಕರೀ ಗೊದ್ದವನ್ನು ತೆಗೆದುಕೊಳ್ಳುವ. ಅದರ ಗಂಡು ಸಪೂರ. ತಲೆ ಚಿಕ್ಕದು, ಕಣ್ಣು ಉಬ್ಬಿದ್ದು. ರಾಣಿಗೆ ಅಗಲವಾದ ತಲೆ, ಬಲವಾದ ದವಡೆ, ಗೂನಿನಂತೆ ಉಬ್ಬಿದ ಎದೆ, ಭಾರವಾದ ಹೊಟ್ಟೆ.

ದೊಡ್ಡದೆಲ್ಲಾ ರಾಣಿಯೆಂದು ಮಾತ್ರ ಎಣಿಸಬಾರದು. ಕಂದುಹಳದಿ ಬಣ್ಣದ, ನುಣ್ಣನೆಯ ರೋಮವುಳ್ಳ, ಹೆಚ್ಚುಕಡಿಮೆ ಒಂದಂಗುಲ ಉದ್ದದ ಹುಳು ದೀಪಕ್ಕೆ ಬಡಿದು ಬೀಳುವದುಂಟು. ಜನರು ಅದನ್ನು ಕಣಜವೆಂದು ಹೆದರುತ್ತಾರೆ. ಅದು ಮಣ್ಣಿನೊಳಗೆ ದಂಡಾಗಿ ಸಂಚರಿಸುವ ಡೋರಿಲಸ್ ಎಂಬ ಇರುವೆಯ ಗಂಡು. ಕುಟುಕುವ ಕೊಂಡಿ ಅದಕ್ಕಿಲ್ಲ. ಅದರ ರಾಣಿಗಾದರೋ ರೆಕ್ಕೆಯೇ ಇಲ್ಲ, ದೀಪಕ್ಕೆ ಹಾರಿ ಬರುವದೂ ಇಲ್ಲ. 1764ರಲ್ಲಿ ಲಿನ್ನೇಯಸ್ ಪಂಡಿತನೇ ಈ ಕುಲದ ಆಫ್ರಿಕದ ಗಂಡೊಂದನ್ನು ಕಣಜಗಳ ಸಾಲಿಗೆ ಸೇರಿಸಿದನೆಂದ ಮೇಲೆ ನಮ್ಮ ಹಳ್ಳಿಯವರನ್ನು ನಗುವದು ನ್ಯಾಯವಲ್ಲ.

ಗೊದ್ದದ ರಾಣಿಯು ಹಾರಿ ಗಂಡನ್ನು ಕೂಡಿದ ತರುವಾಯ ತನ್ನ ರೆಕ್ಕೆಗಳನ್ನು ತಾನೇ ಕಿತ್ತುಹಾಕುವದು. ಆದಕಾರಣ ರೆಕ್ಕೆಯಿಲ್ಲದೆ ದೀಪದಡಿಯಲ್ಲಿ ನಡೆದಾಡುವದನ್ನು ಆಳಿರುವೆಯೆಂದು ತಳ್ಳಿಬಿಡದೆ ಎದೆಯ ಪಕ್ಕಗಳನ್ನು ನೋಡಿರಿ. ರೆಕ್ಕೆ ಮುರಿದ ಗುರುತುಗಳು ಅಲ್ಲಿರುವವು. ಆಳಿರುವೆಯ ಎದೆ ಸಣ್ಣದು, ಗುರುತಿಲ್ಲ. ಈ ವಿಧವೆಯು ಗುಳಿ ತೋಡಿ ಒಳಗೆ ಮುಚ್ಚಿಕೊಂಡು ಮೊಟ್ಟೆಯಿಟ್ಟು, ಮೊದಲ ಮರಿಗಳು ದೊಡ್ಡವಾಗುವ ತನಕ ಹೊರಗಿನ ಆಹಾರವಿಲ್ಲದೆ ಇರುವದು. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳೇ ಕರಗಿ ಮರಿಗಳಿಗೆ ಉಣಿಸಾಗುವವು. ರಾಣಿಯೆಂಬ ಹೆಸರಿದ್ದರೂ ಆಳುವದಿಲ್ಲ, ಹೆರುವದೇ ಅದರ ಕೆಲಸ.

ಹಲ್ಲಿ ಕಪ್ಪೆಗಳ ಬಾಯಿಂದ ಉಳಿಯುವವು ಬಹು ಸ್ವಲ್ಪ. ಸಿಮೆಂಟು ನೆಲದಲ್ಲಿ ಬಿದ್ದದ್ದು ತೋಡಲಾರದೆ ಸಾಯುವದು. ಎಲೆಯ ಮೇಲೆ ಹತ್ತಿಸಿ ಅಂಗಳದ ಮಣ್ಣಿಗೆ ಬಿಡಬಹುದು. ಈಸಲು ಹುಳುಗಳಾದರೆ ದೀಪದ ಕೆಳಗೆ ನೀರಿನ ತಟ್ಟೆಯಿಟ್ಟು, ಒಳಗಿನ ಬೆಳಕನ್ನು ಆರಿಸಿ, ಕಿಟಕಿ ಮುಚ್ಚತಕ್ಕದ್ದು.