8,300 ರೂಪಾಯಿಯ ರಸೀದಿ

ಪ್ರಿಯರೇ, ಅಪೊಸ್ತಲರ ಕೃತ್ಯಗಳು 24 ತೆಗೆಯಿರಿ. ಕೈಸರೈಯದಲ್ಲಿ ಫೇಲಿಕ್ಸನ ಮುಂದೆ ನಿಂತ ಪೌಲನು ತನ್ನ ಶುದ್ಧ ಮನಸ್ಸಾಕ್ಷಿಯ ವಿಷಯ ಮಾತಾಡ್ತಾನೆ, 16ನೇ ವಚನ. ಇದು ನಮಗೆ ಬಾಯಿಪಾಠ. 26ನೇ ವಚನ ಮಾತ್ರ ಓಡಿಸಿಬಿಡ್ತೀವಿ: ಫೇಲಿಕ್ಸನಿಗೆ ಹಣ ಬೇಕಿತ್ತು. ಪೌಲನು ಕೊಡಲಿಲ್ಲ, ಎರಡು ವರ್ಷ ಸೆರೆಯಲ್ಲೇ ಉಳಿದನು.

ನಾನು ಕೆಲಸದಲ್ಲಿದ್ದಾಗ ರೂಮ್ ಬಾಡಿಗೆ 6,000. ಎಚ್‌ಆರ್‌ಎ ರಸೀದಿಯಲ್ಲಿ ಬರೆದದ್ದು 8,300. ಯಾಕೆ 8,300? ವರ್ಷಕ್ಕೆ ಒಂದು ಲಕ್ಷ ದಾಟದಿದ್ದರೆ ಓನರ್ ಪ್ಯಾನ್ ಕೇಳಲ್ಲ. ನಗ್ತಿದ್ದೀರಾ, ನಿಮಗೂ ಗೊತ್ತು! ಓನರ್ ಅಂಕಲ್ ಸಹಿಯನ್ನೂ ನಾನೇ ಹಾಕಿದೆ.

ಆ ಭಾನುವಾರ ಆರಾಧನೆಯಲ್ಲಿ ಕೈ ಎತ್ತಿದಾಗ ಪವಿತ್ರಾತ್ಮನು ಆ ಸಹಿಯನ್ನೇ ನೆನಪಿಸಿದನು. "ಎಲ್ಲರೂ ಮಾಡ್ತಾರಲ್ಲ ಕರ್ತನೇ" ಅಂದೆ. ಸಮಾಧಾನ ಸಿಗಲಿಲ್ಲ. ತಿಂಗಳುಗಟ್ಟಲೆ ಎಳೆದು, ಕಡೆಗೆ ಅಪ್‌ಡೇಟೆಡ್ ರಿಟರ್ನ್ ಹಾಕಿ ತೆರಿಗೆ, ಬಡ್ಡಿ, ಮೇಲಿನ ದಂಡ ಎಲ್ಲಾ ಕಟ್ಟಿದೆ. ಆ ತಿಂಗಳು ಊರಿಗೆ ದುಡ್ಡು ಕಳಿಸೋಕಾಗಲಿಲ್ಲ. ಅಪ್ಪ ಫೋನ್ ಮಾಡಿ ಯಾಕಪ್ಪಾ ಅಂದರು. ತೆರಿಗೆ ಕಟ್ಟಿದ್ದಕ್ಕಿಂತ ಅವರಿಗೆ ನಿಜ ಹೇಳೋದೇ ಕಷ್ಟವಾಯ್ತು. ಹೇಳಿದೆ.

ಜನವರಿಯಲ್ಲಿ ನಿಮ್ಮ ಆಫೀಸಿಂದಲೂ ಪ್ರೂಫ್ ಕೇಳಿ ಮೇಲ್ ಬರುತ್ತೆ. ಎದ್ದು ನಿಲ್ಲೋಣ, ಪ್ರಾರ್ಥಿಸೋಣ.