ತೊಗರಿಗೆ ರಾತ್ರಿಯ ಲೆಕ್ಕ ಗೊತ್ತು

ಮಳೆ ತಡವಾಗಿ, ತಡವಾಗಿ ಬಿತ್ತಿದ ತೊಗರಿ ಗಿಡ್ಡ ಇದ್ದಾಗಲೇ ಹೂ ಬಿಡೋದು ಯಾಕೆ? ಸೇಡಂ, ಚಿತ್ತಾಪುರದ ಕಡೆ ಇದನ್ನು ಬೀಜದ ದೋಷ ಅನ್ನೋರಿದ್ದಾರೆ. ಅಲ್ಲ. ನಮ್ಮ ದೀರ್ಘಾವಧಿ ತಳಿಗಳು ರಾತ್ರಿ ಉದ್ದವಾಗುವುದನ್ನು ಗುರುತಿಸಿ ಹೂವಿಗೆ ತಿರುಗುತ್ತವೆ. ಜೂನ್‌ನಲ್ಲಿ ಬಿತ್ತಿದ್ದಕ್ಕೆ ಟೊಂಗೆ ಒಡೆಯಲು ಪುರುಸೊತ್ತು ಸಿಗುತ್ತದೆ, ಆಗಸ್ಟ್‌ನದಕ್ಕೆ ಇಲ್ಲ. ಅದಕ್ಕೇ ತಡವಾದ ವರ್ಷ ನಾನು ಸಾಲು ಹತ್ತಿರ ಮಾಡಿ ಬೀಜ ಹೆಚ್ಚು ಹಾಕ್ತೀನಿ.

ಮೊದಮೊದಲು ಗಿಡ ಮೇಲೇಳೋದಿಲ್ಲ ಅಂತ ಬೇಜಾರು ಬೇಡ. ಆಗ ಅದು ಬೇರಿನ ಕೆಲಸದಲ್ಲಿರುತ್ತದೆ. ಅಷ್ಟರಲ್ಲಿ ನಡುವಿನ ಹೆಸರು ಮನೆ ಸೇರಿರುತ್ತದೆ. ಮಳೆ ನಿಂತ ಮೇಲೆ ಕಾಯಿ ತುಂಬೋದು ಎರೆಯ ಆಳದ ತೇವದಿಂದಲೇ. ಶಹಾಬಾದ್, ವಾಡಿ ಕಡೆ ಕೆಲವು ಹೊಲಗಳಲ್ಲಿ ಎರಡು ಮೊಳ ಅಗೆದರೆ ಫರಸಿ ಕಲ್ಲು! ಅಲ್ಲಿ ಬೇರು ಇಳಿಯೋದೆಲ್ಲಿಗೆ? ಅಂಥ ಹೊಲಕ್ಕೆ ಬೇಗ ಬರುವ ತಳಿಯೇ ಮೇಲು.

ಚಿಂಚೋಳಿಯ ಕೆಂಪು ಮಣ್ಣಲ್ಲಿ ಅದರ ಉಪಾಯವೇ ಬೇರೆ. ಬೇರು ಒಸರುವ ಆಮ್ಲ, ಕಬ್ಬಿಣಕ್ಕೆ ಅಂಟಿಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಇದನ್ನು ನೆರೆಯ ಪಟಾಂಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದರು.

ಇಷ್ಟು ಜಾಣ ಗಿಡಕ್ಕೆ ನಿಂತ ನೀರು ಮಾತ್ರ ಆಗಿಬರೋದಿಲ್ಲ, ಬೇರಿಗೆ ಉಸಿರು ಕಟ್ಟುತ್ತದೆ. ಎರೆಹೊಲದವರು ಬಸಿಗಾಲುವೆಯನ್ನು ಬಿತ್ತುವ ಮೊದಲೇ ತೆಗೆದಿಡಿ.